ವಿದೇಶಿ ಸೊಸೆಗೆ ಹತ್ತು ಗುಂಟೆ

ಕೋಲಾರ ಜಿಲ್ಲೆಯಲ್ಲಿ ಹೊರದೇಶದಿಂದ ಬಂದು ಜಮೀನು ಹಿಡಿಯಬೇಕು ಅಂದರೆ ನೀವು ಮನುಷ್ಯರಾಗಿರಬಾರದು. ನೀಲಗಿರಿ ಮರ ಆಗಿರಬೇಕು. ಆಸ್ಟ್ರೇಲಿಯಾದಿಂದ ಬಂತು, ಯಾರೂ ವೀಸಾ ಕೇಳಲಿಲ್ಲ, ಎಕರೆಗಟ್ಟಲೆ ಹೊಲ ಹಿಡಿದು ನೀರು ಹೀರಿತು, 2017ರಲ್ಲಿ ಸರ್ಕಾರಕ್ಕೆ ಎಚ್ಚರವಾಗಿ ಇನ್ನು ನೆಡಬೇಡಿ ಅನ್ನುವ ಹೊತ್ತಿಗೆ ಬೋರ್‌ವೆಲ್‌ನಲ್ಲಿ ಬರೀ ಧೂಳು. ಇಲ್ಲವಾ, ಕಂಪನಿ ಆಗಿರಬೇಕು. 1880ರಲ್ಲಿ ಕೆಜಿಎಫ್‌ಗೆ ಬಂದು ಚಿನ್ನ ತೆಗೆಯಲು ಕೂತ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ, 1956ರಲ್ಲಿ ಗಣಿ ಸರ್ಕಾರದ ಕೈಗೆ ಬರುವವರೆಗೂ ಜಾಗ ಬಿಟ್ಟು ಏಳಲಿಲ್ಲ.

ಈಗ ಅದೇ ಆಸ್ಟ್ರೇಲಿಯಾದಿಂದ ಒಬ್ಬ ಹೆಣ್ಣುಮಗಳು ಮುಳಬಾಗಿಲು ಕಡೆಯ ಒಂದು ಮನೆಗೆ ಸೊಸೆಯಾಗಿ ಬಂದಳು ಅಂತಿಟ್ಟುಕೊಳ್ಳಿ.

ಮೊದಲು ಮದುವೆಯೇ ಆಗಬೇಕಲ್ಲ. 1954ರ ವಿಶೇಷ ವಿವಾಹ ಕಾಯ್ದೆ ಪ್ರಕಾರ ಇಬ್ಬರಲ್ಲಿ ಒಬ್ಬರಾದರೂ 30 ದಿನ ಆ ಜಿಲ್ಲೆಯಲ್ಲಿ ವಾಸ ಇದ್ದು ನೋಟಿಸ್ ಕೊಡಬೇಕು. ಆಮೇಲೆ ಇನ್ನೂ 30 ದಿನ ಅದು ಕಚೇರಿಯ ಬೋರ್ಡಿನಲ್ಲಿ ಹರಾಜಿನ ಪ್ರಕಟಣೆ ಪಕ್ಕ, ಒಂದು ಮೂಲೆ ಅಂಟು ಬಿಟ್ಟು, ಫ್ಯಾನಿನ ಗಾಳಿಗೆ ಪಟಪಟ ಅನ್ನುತ್ತಿರುತ್ತದೆ. ಆಕ್ಷೇಪಣೆ ಇದ್ದವರು ಹೇಳಬಹುದು. ನಮ್ಮೂರಿನಲ್ಲಿ ಆಕ್ಷೇಪಣೆ ಇಲ್ಲದವರು ಯಾರಿದ್ದಾರೆ ಸ್ವಾಮಿ? ಪುಣ್ಯಕ್ಕೆ ಸೋದರತ್ತೆಯ ಮುನಿಸು ಕಾನೂನಿಗೆ ಲೆಕ್ಕವಿಲ್ಲ, ವಯಸ್ಸಾಗಿಲ್ಲ, ಮೊದಲನೇ ಹೆಂಡತಿ ಇದ್ದಾಳೆ ಅನ್ನುವಂಥ ಕಾರಣವೇ ಬೇಕು.

ಸರಿ, ಮೂರು ಸಾಕ್ಷಿ ಹಾಕಿ ಮದುವೆ ಆಯಿತು. ಸರ್ಕಾರ ನಂಬಿತಾ? ಇಲ್ಲ. ನೋಂದಣಿಯಾದ ಮದುವೆ ಎರಡು ವರ್ಷ ಬಾಳಿದ ಮೇಲೇ ಒಸಿಐ ಕಾರ್ಡಿಗೆ, ಅಂದರೆ ಹೊರದೇಶದ ಪಾಸ್‌ಪೋರ್ಟ್ ಇಟ್ಟುಕೊಂಡೇ ಇಲ್ಲಿ ಇರಲು ಬಿಡುವ ಕಾರ್ಡಿಗೆ, ಅರ್ಜಿ. ಅಲ್ಲಿವರೆಗೆ ಎಂಟ್ರಿ ವೀಸಾ, ಅದರಲ್ಲಿ ಕೆಲಸಕ್ಕೆ ಹೋಗುವಂತಿಲ್ಲ. ಪೌರತ್ವ ಬೇಕು ಅಂದರೆ ಏಳು ವರ್ಷ ಇಲ್ಲೇ ವಾಸ ಇರಬೇಕು, ಆಮೇಲೆ ತವರಿನ ಪಾಸ್‌ಪೋರ್ಟ್ ಬಿಡಬೇಕು. ಪುರೋಹಿತರು ಐದು ನಿಮಿಷದಲ್ಲಿ ಮುಗಿಸುವ ಸಪ್ತಪದಿಯನ್ನು ದೆಹಲಿಯವರು ಹೆಜ್ಜೆಗೊಂದು ವರ್ಷದಂತೆ ತುಳಿಸುತ್ತಾರೆ. ಇದೆಲ್ಲ ಹಾಳಾಗಿ ಹೋಗಲಿ, ಸುಳ್ಳು ಮದುವೆ ಮಾಡಿಕೊಂಡು ಬರುವವರೂ ಇರುತ್ತಾರೆ, ತಡೆಯಲಿ. ನನ್ನ ತಕರಾರು ಜಮೀನಿನದು.

ಆಕೆಗೆ ಒಸಿಐ ಕಾರ್ಡು ಬಂತು. ಅಷ್ಟರಲ್ಲಿ ರಾಗಿ ಮುದ್ದೆ ತೊಳಸುವುದು, ಟೊಮೆಟೊ ಗಿಡಕ್ಕೆ ದಾರ ಕಟ್ಟುವುದು ಎಲ್ಲ ಬಂದುಬಿಟ್ಟಿದೆ. ಗಂಡನಿಗೆ ಖುಷಿ, ಹತ್ತು ಗುಂಟೆ ಹೆಂಡತಿ ಹೆಸರಿಗೆ ಮಾಡಿಸೋಣ ಅಂತ ಪತ್ರ ಬರೆಯುವವರ ಹತ್ತಿರ ಹೋದ.

"ಆಗಲ್ಲಪ್ಪ. ಒಸಿಐನೋರು ಕೃಷಿ ಜಮೀನು ಕೊಂಡ್ಕೊಳ್ಳೋ ಹಾಗಿಲ್ಲ."

"ಕೊಂಡ್ಕೊಳ್ಳೋದು ಬೇಡ ಅಣ್ಣಾ, ಸುಮ್ನೆ ದಾನಪತ್ರ ಬರೀರಿ."

"ದಾನಾನೂ ಆಗಲ್ಲ. ಫೆಮಾ ಅಂತ ವಿದೇಶಿ ವಿನಿಮಯದ ಕಾಯ್ದೆ ಇದೆ."

"ಮತ್ತೆ ಹೆಂಗೆ?"

ಅವರು ಕನ್ನಡಕ ತೆಗೆದು ಒರೆಸಿದರು. "ವಾರಸುದಾರಿಕೆಯಲ್ಲಿ ಬಂದ್ರೆ ಆಗುತ್ತೆ. ಅಂದ್ರೆ ನೀನು ಹೋದ್ಮೇಲೆ. ಪೌತಿ ಖಾತೆ."

ತಮಾಷೆ ಅಲ್ಲ, ನಿಯಮವೇ ಹಾಗಿದೆ. ಬದುಕಿರುವ ಗಂಡ ಹೆಂಡತಿಗೆ ಹತ್ತು ಗುಂಟೆ ಹೊಲ ಮಾರುವಂತಿಲ್ಲ, ಕೊಡುವಂತಿಲ್ಲ. ಸತ್ತ ಗಂಡನಿಂದ ಬಂದರೆ ಫೆಮಾಗೆ ತಕರಾರಿಲ್ಲ. ಇನ್ನೊಂದು ಕಡೆ ಪೌರತ್ವ ಕಾಯ್ದೆಯ 7ಡಿ ಏನು ಹೇಳುತ್ತದೆ ಅಂದರೆ, ಮದುವೆಯಿಂದ ಬಂದ ಒಸಿಐ ಕಾರ್ಡನ್ನು ಡೈವೋರ್ಸ್ ಆದರೆ ಸರ್ಕಾರ ರದ್ದು ಮಾಡಬಹುದು. ಡೈವೋರ್ಸ್ ಆದರೆ ಕಾರ್ಡಿಗೆ ಕುತ್ತು, ಗಂಡ ಸತ್ತರೆ ಜಮೀನಿಗೆ ದಾರಿ. ಸಂಸಾರ ಸರಿಹೋಗದ ಹೆಂಗಸಿಗೆ ಕಾನೂನು ಏನು ಸಲಹೆ ಕೊಡುತ್ತಿದೆ ಅಂತ ನಾನು ಬಿಡಿಸಿ ಹೇಳಬೇಕಾ? ಪಾಪ, ಆ ಗಂಡ ಅವತ್ತಿನಿಂದ ಹೆಂಡತಿ ಕೊಟ್ಟ ಕಾಫಿಯನ್ನು ಒಂದು ಸಲ ಮೂಸಿಯೇ ಕುಡಿಯುತ್ತಿದ್ದಾನೆ.

ಹಾಗಂತ ನಮ್ಮ ರಾಜ್ಯಕ್ಕೆ ಹೊಲದ ಮೇಲೆ ಅಷ್ಟು ಮಮತೆಯಾ ಅಂದರೆ ಅದೂ ಇಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯಿಂದ, ರೈತರಲ್ಲದವರು ಹೊಲ ಕೊಳ್ಳದಂತೆ ತಡೆಯುತ್ತಿದ್ದ 79ಎ, 79ಬಿ ಕಲಂ ಕಿತ್ತು ಹಾಕಿದ ಮೇಲೆ, ಕಳೆ ಯಾವುದು ಪೈರು ಯಾವುದು ಗೊತ್ತಿಲ್ಲದ ಬೆಂಗಳೂರಿನ ಶ್ರೀಮಂತರು ಕಾರಿನಿಂದ ಇಳಿಯದೆಯೇ ನಮ್ಮ ಕಡೆ ಹೊಲ ವ್ಯಾಪಾರ ಮಾಡಿಕೊಂಡು ಹೋಗಬಹುದು, ಬೇಲಿ ಹಾಕಿ ಗೇಟಿಗೆ ಬೀಗ ಜಡಿಯಬಹುದು. ಅವರು ಇಲ್ಲಿಯವರು. ದಿನಾ ಅದೇ ಮಣ್ಣಿನಲ್ಲಿ ಕೂತು ಕಳೆ ಕೀಳುವವಳು ಪರದೇಶಿ.

ಕೊನೆಗೆ ದಾರಿ ತೋರಿಸಿದ್ದೂ ಅದೇ ಪತ್ರ ಬರೆಯುವವರು. "ಮಗು ಇದೆಯಲ್ವಾ? ಇಲ್ಲೇ ಹುಟ್ಟಿದ್ದು, ಅಪ್ಪ ಇಲ್ಲಿಯವನು, ಅಮ್ಮಂಗೆ ವೀಸಾ ಇತ್ತು. ಅದು ಹುಟ್ಟಿನಿಂದಲೇ ಭಾರತದ ಪ್ರಜೆ. ಅದರ ಹೆಸರಿಗೆ ಬರೆದುಬಿಡೋಣ."

ಬರೆದರು. ಪಹಣಿಯಲ್ಲಿ ಹೆಸರೂ ಬಂತು. ಜಮೀನಿನ ಯಜಮಾನರಿಗೆ ಈಗ ಎರಡೂವರೆ ವರ್ಷ. ತಾಯಿ ಬಗ್ಗಿ ಟೊಮೆಟೊ ಕೀಳುವಾಗ ಯಜಮಾನರು ಚಡ್ಡಿ ಇಲ್ಲದೆ ಬದುವಿನ ಮೇಲೆ ಕೂತು ತಮ್ಮ ಸ್ವಂತ ಆಸ್ತಿಯನ್ನು ಹಿಡಿ ಹಿಡಿಯಾಗಿ ತಿನ್ನುತ್ತಾರೆ.