400 ಆಂಪಿಯರಿನ ಆಸೆ

ಹುಬ್ಬಳ್ಳಿಯ ಪ್ರೌಢಶಾಲೆಯೊಂದರಲ್ಲಿ 31 ವರ್ಷ ಭೌತವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ಬರುತ್ತದೆ ಎಂಬುದನ್ನು ಕೆಲವರಿಗೆ ಬೆತ್ತದ ನೆರವಿನಿಂದಲೂ ಮನದಟ್ಟು ಮಾಡಿಸಿದ್ದೇನೆ. ಆದರೆ ವೆಲ್ಡಿಂಗ್ ಮಿಷನ್ ಕೊಳ್ಳಲು ಹೋದ ದಿನ ಆ ಗುಣಾಕಾರವನ್ನು ಮನೆಯಲ್ಲೇ ಮರೆತು ಹೋಗಿದ್ದೆ.

ಗೇಟಿನ ಬಿಜಾಗರಿ ಕಿತ್ತು ತಿಂಗಳಾಗಿತ್ತು. ವೆಲ್ಡಿಂಗ್ ಮಾಡುವವನು "ನಾಳೆ ಬರ್ತೀನ್ರಿ ಸರ" ಎನ್ನುತ್ತಲೇ ಇದ್ದ. ಹಿತ್ತಲಿನ ಶೆಡ್ಡಿನಲ್ಲಿ ವೈಸು, ಡ್ರಿಲ್ಲು, ಗ್ರೈಂಡರು ಇರುವಾಗ ಇದೊಂದು ಏಕೆ ಬೇಡ ಎನಿಸಿತು. ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಕೆಲಸ ಮಾಡಿ ಬಂದ ನೆರೆಯವರು, "ಹಳೇ ಟ್ರಾನ್ಸ್‌ಫಾರ್ಮರ್ ಮಿಷನ್ನs ತಗೋರಿ ಸರ, ಸುಟ್ಟು ಹೋದ್ರೂ ಒಳಗಿನ ತಾಮ್ರಕ್ಕರ ರೊಕ್ಕ ಬರ್ತದ" ಎಂದರು. ಕೊಳ್ಳುವ ಮೊದಲೇ ಅದರ ಉತ್ತರಕ್ರಿಯೆಯ ಲೆಕ್ಕ ಹಾಕಿದ ಈ ಸಲಹೆಯನ್ನು ನಾನು ಮೆಚ್ಚಿದೆನಾದರೂ, 50 ಕಿಲೋ ಮೀರಿದ ಅದನ್ನು ಎತ್ತಲು ನನ್ನ ಸೊಂಟ ಒಪ್ಪಲಿಲ್ಲ. ಹೀಗಾಗಿ ಅದೇ ಕೆಲಸವನ್ನು ಎಲೆಕ್ಟ್ರಾನಿಕ್ಸಿನಿಂದ ಮಾಡುವ, 5 ಕಿಲೋ ತೂಗುವ ಇನ್ವರ್ಟರ್ ವೆಲ್ಡಿಂಗ್ ಮಿಷನ್ನೇ ಸರಿ ಎಂದು ನಿಶ್ಚಯಿಸಿದೆ.

ಅಂಗಡಿಯಲ್ಲಿ 200 ಆಂಪಿಯರಿನ ಒಂದು, ಅದಕ್ಕಿಂತ ಅಗ್ಗವಾಗಿ 400 ಆಂಪಿಯರ್ ಎಂದು ಚೀಟಿ ಅಂಟಿಸಿದ ಇನ್ನೊಂದು ಮಿಷನ್ ಇದ್ದವು. ಮೊದಲಿನದರಲ್ಲಿ ಆ್ಯಂಟಿ-ಸ್ಟಿಕ್ ಎಂಬ ಸೌಲಭ್ಯವಿದ್ದು, ವೆಲ್ಡಿಂಗ್ ರಾಡು ಕಬ್ಬಿಣಕ್ಕೆ ಅಂಟಿಕೊಂಡ ಕೂಡಲೇ ಕರೆಂಟನ್ನು ಇಳಿಸುತ್ತದೆಂದು ಅಂಗಡಿಯ ಹುಡುಗ ವಿವರಿಸಿದ. ಅಂಟಿದರೆ ಕೈಯಿಂದ ಕಿತ್ತರಾಯಿತು, ಅದಕ್ಕೇಕೆ ಸಾವಿರ ರೂಪಾಯಿ ಹೆಚ್ಚು ಎಂದು ನಾನು 400ನ್ನೇ ಬಗಲಲ್ಲಿಟ್ಟುಕೊಂಡು ಬಂದೆ.

ಮನೆಗೆ ಬಂದ ಮೇಲೆ ಕಾಗದ, ಪೆನ್ಸಿಲ್ಲು ಹಿಡಿದೆ. 400 ಆಂಪಿಯರಿನಲ್ಲಿ ವೆಲ್ಡಿಂಗ್ ನಡೆಯುವಾಗ ಸುಮಾರು 36 ವೋಲ್ಟ್ ಬೇಕು. ಅಲ್ಲಿಗೆ 14,400 ವ್ಯಾಟ್ ಆಯಿತು. ನಮ್ಮ ಶೆಡ್ಡಿನ 16 ಆಂಪಿಯರಿನ ಸಾಕೆಟ್ಟು 230 ವೋಲ್ಟಿನಲ್ಲಿ 3,680 ವ್ಯಾಟಿಗೆ ಕೈ ಎತ್ತುತ್ತದೆ, ಬಿಲ್ಲಿನಲ್ಲಿ ಮಂಜೂರಾದ ಲೋಡ್ 3 ಕಿಲೋವ್ಯಾಟ್. ಆ ಚೀಟಿ ನಿಜವಾಗಬೇಕಾದರೆ ನಮ್ಮ ಓಣಿಯೇ ಚಂದಾ ಎತ್ತಿ ನನಗೆ ಕರೆಂಟು ಕೊಡಬೇಕಿತ್ತು. ಎರಡೂವರೆ ಮಿಲಿಮೀಟರಿನ 12 ನಂಬರ್ ರಾಡಿಗೆ 70–80 ಆಂಪಿಯರ್ ಸಾಕೆಂಬುದೇ ಉಳಿದ ಸಮಾಧಾನ.

ಮಿಷನ್ನಿನ ಮೇಲೆ ಬರೆದಿದ್ದ 60 ಶೇಕಡಾ ಡ್ಯೂಟಿ ಸೈಕಲ್ ಎಂದರೇನೆಂದು ಮಡದಿ ಕೇಳಿದಳು. ಹತ್ತು ನಿಮಿಷದಲ್ಲಿ ಆರು ನಿಮಿಷ ದುಡಿದು ನಾಲ್ಕು ನಿಮಿಷ ತಣ್ಣಗಾಗಬೇಕು ಎಂದೆ. "ನಿಮ್ಮ ತಮ್ಮಗಿಂತ ಪಾಡ ಬಿಡ್ರಿ" ಎಂದು ಒಳಗೆ ಹೋದಳು.

ರವಿವಾರ ಮುಖಕ್ಕೆ ಶೀಲ್ಡ್ ಹಿಡಿದು, ಅರ್ಥ್ ಕ್ಲಾಂಪನ್ನು ಗೇಟಿಗೆ ಕಚ್ಚಿಸಿ ರಾಡು ತಾಗಿಸಿದರೆ ಕಿಡಿಯೇ ಇಲ್ಲ. ಅರ್ಧ ತಾಸು ಆ ಚೀಟಿಯನ್ನು ಬೈದೆ. ಗೇಟಿನಾಚೆ ಹಾಲಿನ ಹುಡುಗ ನಿಂತು ನೋಡುತ್ತಿದ್ದವನು, "ಸರ, ಬಣ್ಣದ ಮ್ಯಾಲೆ ಕ್ಲಿಪ್ ಹಚ್ಚೀರಲ್ಲ, ಕರೆಂಟ್ ಹೆಂಗ ಹಾಯ್ತದ್ರಿ?" ಎಂದ. ಬಣ್ಣ ವಿದ್ಯುತ್ ನಿರೋಧಕವೆಂದು ಎಷ್ಟು ತರಗತಿಗಳಿಗೆ ನೋಟ್ಸ್ ಬರೆಸಿದ್ದೆನೋ! ಮರುಮಾತಾಡದೆ ಬಣ್ಣ ಕೆರೆದೆ. ಕಿಡಿ ಭರ್ಜರಿಯಾಗಿಯೇ ಬಂತು. ಅದೇ ಹೊತ್ತಿಗೆ ಒಳಗೆ ಗೀಜರೂ ಮಿಕ್ಸರೂ ನಡೆದಿದ್ದರಿಂದ ಲೋಡ್ ಹೆಚ್ಚಾದರೆ ತಾನೇ ಆರುವ ಮೇನ್ ಸ್ವಿಚ್ಚು, ಅಂದರೆ ಎಂಸಿಬಿ, ಬಿತ್ತು. ಹಬ್ಬಕ್ಕೆ ಬಂದಿದ್ದ ಅಳಿಯಂದಿರು ಬಚ್ಚಲಮನೆಯ ಕತ್ತಲಲ್ಲಿ, ತಲೆಯ ತುಂಬ ಸಾಬಾಣದೊಂದಿಗೆ, ನನ್ನ ಹವ್ಯಾಸದ ಬಗ್ಗೆ ಅತ್ಯಂತ ಮರ್ಯಾದೆಯಿಂದ ವಿಚಾರಿಸಿದರು.

ಎಲ್ಲರ ಸ್ನಾನ ಮುಗಿದ ಮೇಲೆ ಮತ್ತೆ ಹಚ್ಚಿದೆ. ಬಿಜಾಗರಿಯ ಬದಿಯ ತೆಳು ಪೈಪಿಗೆ ಎರಡು ತೂತು ಬಿದ್ದವು; ಮೂರನೆಯ ಪ್ರಯತ್ನದಲ್ಲಿ ರಾಡು ಅಂಟಿ, ಕೆಂಪಗಾಗಿ, ಎಷ್ಟು ಜಗ್ಗಿದರೂ ಬರಲಿಲ್ಲ. ಹೋಲ್ಡರನ್ನಷ್ಟೇ ಬಿಡಿಸಿಕೊಂಡು ಸ್ವಿಚ್ ಆರಿಸಿದೆ. ಬಿಜಾಗರಿಯನ್ನು ಮರುವಾರ ಆ "ನಾಳೆ ಬರ್ತೀನ್ರಿ" ಎಂದವನೇ ಬಂದು ಕೂಡಿಸಿದ. ರಾಡನ್ನು ಬಡಿದು ತೆಗೆಯಲೇ ಎಂದು ಅವನು ಕೇಳಿದಾಗ ಮಡದಿ ಬೇಡವೆಂದಳು. ಅವನಿಂದಲೇ ಅದರ ತುದಿಯನ್ನು ಸ್ವಲ್ಪ ಮೇಲಕ್ಕೆ ಬಾಗಿಸಿಕೊಂಡಳು. ಹಾಲಿನ ಹುಡುಗ ಈಗ ದಿನಾ ಬೆಳಿಗ್ಗೆ ಚೀಲವನ್ನು ಅದಕ್ಕೇ ತೂಗುಹಾಕಿ ಹೋಗುತ್ತಾನೆ.