ಸೋತ ಲೆಕ್ಕವನ್ನು ಬರೆಯುವವರು ಯಾರು?

ನಿನ್ನೆ ತಾಲ್ಲೂಕು ಕೇಂದ್ರದಲ್ಲಿ ನಡೆದ ಸಾವಯವ ಕೃಷಿ ಕಾರ್ಯಾಗಾರಕ್ಕೆ ಹೋಗಿ ಬಂದವನಿಗೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ಮಧ್ಯಾಹ್ನದ ಗೋಷ್ಠಿ. ವೇದಿಕೆಯಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳ ಬಗ್ಗೆ ಭಾಷಣ, ಪರದೆಯ ತುಂಬ ಇಂಗ್ಲಿಷ್. ಹಿಂದಿನ ಸಾಲಿನಲ್ಲಿದ್ದ, ಅರವತ್ತು ದಾಟಿದ ಅಕ್ಕ ಒಬ್ಬರು ಎದ್ದು ನಿಂತರು. ಕೈಯಲ್ಲಿ ಶಾಲೆಯ ಮಕ್ಕಳು ಬರೆಯುವಂಥ ನೋಟ್‌ಬುಕ್. "ಮೆಣಸಿನ ಬಳ್ಳಿಯ ಬುಡಕ್ಕೆ ಬೋರ್ಡೋ ಸುರಿದ ಮೇಲೆ ಎಷ್ಟು ದಿನ ಬಿಟ್ಟು ಟ್ರೈಕೋಡರ್ಮಾ ಹಾಕಬೇಕು? ನಾನು ಹತ್ತು ದಿನಕ್ಕೆ ಹಾಕಿದ್ದೆ, ಪ್ರಯೋಜನವಾಗಲಿಲ್ಲ" ಎಂದು ಕೇಳಿದರು. ಬೋರ್ಡೋ ಎಂದರೆ ಮೈಲುತುತ್ತ, ಸುಣ್ಣ ಕಲಸಿದ ರೋಗನಾಶಕ ದ್ರಾವಣ; ಟ್ರೈಕೋಡರ್ಮಾ ಎಂದರೆ ಬೇರಿನ ರೋಗ ತಡೆಯಲು ಮಣ್ಣಿಗೆ ಹಾಕುವ ಮಿತ್ರಜೀವಿ. "ಸಮಯ ಮೀರಿದೆ, ಆಮೇಲೆ ಮಾತನಾಡೋಣ" ಎಂದರು ವೇದಿಕೆಯಲ್ಲಿದ್ದವರು. ಸಂಜೆ ಎಲ್ಲರೂ ಹೊರಟರೂ ಅವರ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ.

ಹೊರಗಿನ ಜಗುಲಿಯಲ್ಲಿ ಅವರ ಪಕ್ಕ ಕುಳಿತು ಆ ಪುಸ್ತಕ ನೋಡಿದೆ. ಹನ್ನೊಂದು ವರ್ಷದ ಮಳೆ, ಮಿಲಿಮೀಟರ್ ಲೆಕ್ಕದಲ್ಲಿ. ಯಾವ ನಕ್ಷತ್ರದ ಮಳೆಯಲ್ಲಿ ಎಲೆ ಹಳದಿಯಾಯಿತು, ಎಷ್ಟು ಬಳ್ಳಿ ಸೊರಗಿತು, ಬಸಿಗಾಲುವೆಯನ್ನು ಎಷ್ಟು ಆಳ ಮಾಡಿದ ಮೇಲೆ ಎಷ್ಟು ಉಳಿಯಿತು, ಎಲ್ಲವೂ ಇದೆ. ಗೆದ್ದದ್ದಕ್ಕಿಂತ ಸೋತದ್ದನ್ನೇ ಹೆಚ್ಚು ಬರೆದಿದ್ದರು. ಏಕೆಂದು ಕೇಳಿದೆ. "ಗೆದ್ದದ್ದು ತೋಟದಲ್ಲೇ ಕಾಣುತ್ತದೆ ತಮ್ಮಾ. ಸತ್ತ ಬಳ್ಳಿಯನ್ನು ಕಿತ್ತು ಸುಟ್ಟ ಮೇಲೆ ನೆನಪೂ ಉಳಿಯುವುದಿಲ್ಲ" ಎಂದರು.

ನನ್ನ ಸಂಕಟ ಇದೇ. ಸಾವಯವದ ಬಗ್ಗೆ ನಾವು ಮಾತನಾಡುವುದೆಲ್ಲ ಗೆಲುವಿನ ಮಾತು. 200 ಲೀಟರ್ ನೀರು, 10 ಕಿಲೋ ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು ಎಂದು ಜೀವಾಮೃತವೆಂಬ ದ್ರವಗೊಬ್ಬರದ ಲೆಕ್ಕವನ್ನು ನಿದ್ದೆಗಣ್ಣಿನಲ್ಲೂ ಹೇಳುತ್ತೇವೆ. ಯಾವ ಮಣ್ಣಿನಲ್ಲಿ, ಎಷ್ಟು ಮಳೆಯಲ್ಲಿ, ಯಾರ ತೋಟದಲ್ಲಿ ಅದು ಕೈಕೊಟ್ಟಿತು ಎಂದು ಹೇಳುವುದಿಲ್ಲ.

ಅಕ್ಕನ ಪ್ರಶ್ನೆ ಸಣ್ಣದಲ್ಲ. ಬೋರ್ಡೋದಲ್ಲಿರುವ ತಾಮ್ರವು ರೋಗಾಣು ಯಾವುದು, ಮಿತ್ರಜೀವಿ ಯಾವುದು ಎಂದು ನೋಡುವುದಿಲ್ಲ. ಟ್ರೈಕೋಡರ್ಮಾ ಕೂಡ ಒಂದು ಶಿಲೀಂಧ್ರ, ಅದನ್ನೂ ಬೆಳೆಯಗೊಡುವುದಿಲ್ಲ. ಪ್ರಯೋಗಾಲಯಗಳಿಗೆ ಇದು ಎಂದೋ ತಿಳಿದಿರುವ ಸಂಗತಿ, ಇಂಗ್ಲಿಷ್ ಪ್ರಬಂಧಗಳಲ್ಲಿದೆ. ಅವರ ತೋಟದ ತನಕ ಬರಲಿಲ್ಲ, ಅಷ್ಟೇ. ಅವರ ಪುಸ್ತಕದಲ್ಲಿರುವುದೂ ಪ್ರಯೋಗಾಲಯದ ತನಕ ಹೋಗಲಿಲ್ಲ.

ತೋಟವೂ ಪ್ರಯೋಗಾಲಯವೂ ಒಂದನ್ನೊಂದು ಕೇಳಿಸಿಕೊಳ್ಳಲಿ ಎಂದು ನಾನು ಕೇಳುತ್ತಿರುವುದು ಈ ನೆಲದಲ್ಲಿ ಹಿಂದೆ ಆಗಿಲ್ಲದ್ದೇನೂ ಅಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬೆನ್ನು ಹತ್ತಿ, ಅದಕ್ಕೆ ಕಾರಣ ಫೈಟಾಫ್ಥೊರಾ ಎಂಬ ರೋಗಾಣು ಎಂದು ಗುರುತಿಸಿದರು. ಆ ಕಾಲದಲ್ಲಿ ನಮ್ಮ ಹಿರಿಯರು ಅಡಿಕೆಯ ಒಂದೊಂದು ಗೊನೆಗೂ ಕೊಟ್ಟೆ ಎಂಬ ಹೊದಿಕೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ ಬೋರ್ಡೋ ದ್ರಾವಣ ನಮ್ಮ ಜಡಿಮಳೆಗೆ ತೊಳೆದುಹೋಗದಿರಲೆಂದು ಅದಕ್ಕೆ ರಾಳದ ಅಂಟು ಸೇರಿತು. ಮಲೆನಾಡಿನ ಮಳೆಯನ್ನು ಕಣ್ಣಾರೆ ಕಂಡವರಿಗಲ್ಲದೆ ಆ ರಾಳದ ಅಗತ್ಯ ಹೊಳೆಯುವುದು ಹೇಗೆ? 1988ರಲ್ಲಿ ಪುತ್ತೂರಿನಿಂದ ಹೊರಟ ಅಡಿಕೆ ಪತ್ರಿಕೆ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ನನ್ನ ಅಪ್ಪ ಅದರ ಸಂಚಿಕೆಗಳನ್ನು ದಬ್ಬಣದಿಂದ ಹೊಲಿದು ಇಟ್ಟಿದ್ದರು. ಬೇರೆ ಕೃಷಿ ಪುಸ್ತಕವನ್ನು ಅವರು ಕೈಯಲ್ಲಿ ಹಿಡಿದದ್ದನ್ನು ನಾನು ಕಂಡಿಲ್ಲ.

ವಿಜ್ಞಾನಿ ಮಿತ್ರರೊಬ್ಬರು ಹೇಳುತ್ತಾರೆ: ರೈತರ ಅನುಭವ ವಿಜ್ಞಾನವಾಗುವುದಿಲ್ಲ, ಹೋಲಿಸಿ ನೋಡಲು ಏನೂ ಹಾಕದ ಗಿಡಗಳನ್ನು ಅವರು ಬಿಟ್ಟಿರುವುದಿಲ್ಲ. ಮಾತು ಸುಳ್ಳಲ್ಲ. ಹಾಗಾದರೆ ಬಂದು ಹೇಳಿಕೊಡಿ! ಹತ್ತು ಬಳ್ಳಿಗೆ ಏನೂ ಹಾಕದೆ ಬಿಡಲು ನಾನು ಸಿದ್ಧ. ಸತ್ತರೆ ನಷ್ಟ ನನ್ನದು. ಬಂದ ಫಲಿತಾಂಶವನ್ನು ಕನ್ನಡದಲ್ಲಿ ಒಂದೇ ಒಂದು ಪುಟ ಬರೆದುಕೊಡಿ, ಸಾಕು. ಹನ್ನೊಂದು ವರ್ಷ ಮಳೆ ಅಳೆದವರಿಗೆ ಅಳತೆಯ ಶಿಸ್ತಿಲ್ಲ ಎಂದು ಮಾತ್ರ ಹೇಳಬೇಡಿ.

2004ರಲ್ಲೇ ಸಾವಯವ ಕೃಷಿ ನೀತಿ ತಂದ ರಾಜ್ಯ ನಮ್ಮದು. ಅಡಿಕೆ, ಮೆಣಸಿನಂಥ ಬಹುವಾರ್ಷಿಕ ಬೆಳೆಗೆ ಸಾವಯವ ದೃಢೀಕರಣ ಸಿಗಬೇಕಾದರೆ, ರಾಸಾಯನಿಕ ಬಿಟ್ಟು ಸಾವಯವಕ್ಕೆ ಹೊರಳುವ ಮೂರು ವರ್ಷದ ಪರಿವರ್ತನಾ ಅವಧಿ ದಾಟಬೇಕು. ಇಳುವರಿ ಏರುಪೇರಾಗಿ, ಮನೆಯವರೇ ಅನುಮಾನದಿಂದ ನೋಡುವ ಆ ಮೂರು ವರ್ಷ ರೈತ ಒಂಟಿ. ತಪಾಸಣೆಗೆ ಬರುವವರು ಏನು ಹಾಕಿದಿರಿ ಎಂದು ಕೇಳುತ್ತಾರೆ, ಏನು ಕಂಡಿರಿ ಎಂದು ಕೇಳುವುದಿಲ್ಲ. ಆಗ ಕೈಗೆ ಬೇಕಾದದ್ದು ಪಕ್ಕದ ಊರಿನವರು ಸೋತ ಲೆಕ್ಕ.

ಇಷ್ಟು ಹೇಳುವ ನಾನೂ ತಪ್ಪಿತಸ್ಥ. 2017ರಲ್ಲಿ ಇದೇ ಜಾಲತಾಣದ ಗೋಡೆಯ ಮೇಲೆ ಹಸಿರು ಬಳ್ಳಿಗಳ ಚಿತ್ರ ಹಾಕಿ, ಟ್ರೈಕೋಡರ್ಮಾದಿಂದ ಸೊರಗುರೋಗ ಗೆದ್ದೆ ಎಂದು ಬರೆದಿದ್ದೆ. ನಿಮ್ಮಲ್ಲಿ ಹಲವರು ಮೆಚ್ಚಿದ್ದಿರಿ. ಮರುವರ್ಷ ಬಳ್ಳಿ ಸತ್ತಾಗ ಒಂದು ಸಾಲನ್ನೂ ಬರೆಯಲಿಲ್ಲ. ನಾಚಿಕೆ ಅಡ್ಡ ಬಂತು. 2019ರಲ್ಲಿ ಕೆಳಮನೆಯ ಅಣ್ಣ ನನ್ನ ಬರಹ ನಂಬಿ ಹಾಗೆಯೇ ಮಾಡಿ ನಲವತ್ತು ಬಳ್ಳಿ ಕಳೆದುಕೊಂಡ. "ನೀನೇ ಬರೆದಿದ್ದೆಯಲ್ಲ" ಎಂದ, ಅಷ್ಟೇ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ನಾನೂ ಈಗ ಒಂದು ನೋಟ್‌ಬುಕ್ ತಂದಿದ್ದೇನೆ. ಮೊದಲ ಪುಟವನ್ನು ಇಲ್ಲೇ ಹಾಕುತ್ತೇನೆ, ಯಾರು ಬೇಕಾದರೂ ಬಳಸಿಕೊಳ್ಳಿ.

2018. ಕೆಳತೋಟ, ಜೌಗು ಮಣ್ಣು. ಬಳ್ಳಿ 62. ಆರಿದ್ರಾ ಮಳೆಯ ಆರಂಭಕ್ಕೆ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿಯೊಂದಿಗೆ ಟ್ರೈಕೋಡರ್ಮಾ ಹಾಕಿದೆ. ಎಂಟನೆಯ ದಿನ ಮಳೆ ಜೋರಾದಾಗ ಹೆದರಿ ಬುಡಕ್ಕೆ ಬೋರ್ಡೋ ಸುರಿದೆ. ಬಸಿಗಾಲುವೆಯ ಆಳ ಒಂದೇ ಅಡಿ, ಬುಡದಲ್ಲಿ ನೀರು ನಿಂತಿತ್ತು. ಮಳೆ ಅಳೆಯಲಿಲ್ಲ. ದೀಪಾವಳಿಯ ಹೊತ್ತಿಗೆ ಉಳಿದ ಬಳ್ಳಿ 19.