ವೈರ್ ಕಟ್ಟುವುದು ಬೇರೆ, ಡೇಟಾ ಜೋಡಿಸುವುದು ಬೇರೆ

ಕಲಬುರಗಿಯ ಇಂಜಿನಿಯರಿಂಗ್ ಹುಡುಗರು ಲ್ಯಾಬ್‌ವ್ಯೂ (ಕೋಡ್ ಬರೆಯುವ ಬದಲು ಚಿತ್ರಗಳನ್ನು ವೈರಿನಿಂದ ಜೋಡಿಸಿ ಪ್ರೋಗ್ರಾಂ ಮಾಡುವ ಸಾಫ್ಟ್‌ವೇರ್) ಪ್ರಾಜೆಕ್ಟ್ ಅಂದ್ರೆ ಮೊದಲು ಹಿಡಿಯುವುದು ದಾಲ್ ಮಿಲ್ ಮೋಟಾರುಗಳನ್ನೇ. ತೊಗರಿ ನಾಡಲ್ವಾ! ವಿಷಯ ಚೆನ್ನಾಗಿದೆ. ಪ್ರೋಗ್ರಾಮಿನ ಚಿತ್ರ, ಅಂದ್ರೆ ಬ್ಲಾಕ್ ಡಯಾಗ್ರಾಮ್, ತೆರೆದರೆ ಮಾತ್ರ ತಲೆ ಗಿರ್ ಅನ್ನುತ್ತದೆ. ಮೋಟಾರ್ 1 ತಾಪ, ಮೋಟಾರ್ 1 ಕರೆಂಟ್, ಮೋಟಾರ್ 2 ತಾಪ... ಒಂದೊಂದಕ್ಕೂ ಒಂದೊಂದು ವೈರ್. ಇಷ್ಟನ್ನೂ ಒಂದು ಸಬ್‌ವಿಐಗೆ (ಪ್ರೋಗ್ರಾಂ ಒಳಗೆ ಬಳಸುವ ಚಿಕ್ಕ ಪ್ರೋಗ್ರಾಂ) ಕೊಡೋಣ ಅಂದ್ರೆ ಅದಕ್ಕೆ ವೈರ್ ಜೋಡಿಸುವ ಕನೆಕ್ಟರ್ ಪೇನ್‌ನಲ್ಲಿ ಇರುವುದೇ ಹೆಚ್ಚೆಂದರೆ 28 ಟರ್ಮಿನಲ್.

ತಪ್ಪಾದರೆ ಸುದ್ದಿ ಒಯ್ಯುವ ಎರರ್ ವೈರನ್ನು ಇವರೆಲ್ಲ ದಿನಾ ಎಳೆಯುತ್ತಾರೆ. ಸ್ಟೇಟಸ್, ಕೋಡ್, ಸೋರ್ಸ್ ಮೂರೂ ಒಂದೇ ವೈರಿನಲ್ಲಿ ಹೋಗುತ್ತವೆ. ಬೇರೆ ಬೇರೆ ಥರದ ಡೇಟಾವನ್ನು ಹೀಗೆ ಒಂದು ಕಟ್ಟು ಮಾಡಿದರೆ ಅದು ಕ್ಲಸ್ಟರ್. ಎರರ್ ವೈರಿನದ್ದೂ ಕ್ಲಸ್ಟರೇ. ಅದೇ ಬುದ್ಧಿಯನ್ನು ತಮ್ಮ ಡೇಟಾಗೆ ಯಾಕೆ ಓಡಿಸುವುದಿಲ್ಲವೋ!

ಕ್ಲಸ್ಟರ್ ಕಲಿತವರದ್ದು ಇನ್ನೊಂದು ಕಥೆ. ಮಿಲ್ ಅಂತ ಒಂದು ಕ್ಲಸ್ಟರ್, ಅದರೊಳಗೆ ವಿಭಾಗ, ಅದರೊಳಗೆ ಮೋಟಾರ್1, ಮೋಟಾರ್2, ಮೋಟಾರ್3. ವೈರ್ ಕಡಿಮೆಯಾಯಿತು, ನಿಜ. ಆದರೆ ಮಾಲೀಕರು ನಾಲ್ಕನೇ ಮೋಟಾರ್ ತಂದರೆ ಡಯಾಗ್ರಾಮ್ ಪೂರ್ತಿ ಕೆದಕಬೇಕು. ಒಂದೇ ಥರದ್ದು ಹಲವು ಇದ್ದರೆ ಅದು ಅರೇ. ಹೆಸರು, ತಾಪ, ಕರೆಂಟ್, ಆನ್ ಇದೆಯೋ ಇಲ್ಲವೋ: ಇಷ್ಟು ಸೇರಿ ಒಂದು ಮೋಟಾರ್ ಕ್ಲಸ್ಟರ್. ಅಂಥವುಗಳ ಒಂದು ಅರೇ ಮಾಡಿ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಫಾರ್ ಲೂಪಿಗೆ ಕೊಟ್ಟರೆ ಅದೇ ಒಂದೊಂದಾಗಿ ತೆಗೆದು ಕೊಡುತ್ತದೆ. ಹತ್ತು ಮೋಟಾರ್ ಬಂದರೂ ಅದೇ ಡಯಾಗ್ರಾಮ್.

ಇದಕ್ಕಿಂತ ಆಳಕ್ಕೆ ಹೋಗಲು ನನ್ನ ಪ್ರಕಾರ ಗಟ್ಟಿ ಕಾರಣ ಬೇಕು. ಅಂಥದ್ದೊಂದು ಇದೆ. ಪ್ರತಿ ಮೋಟಾರಿನ ಹಳೆಯ ರೀಡಿಂಗ್‌ಗಳ ಸಂಖ್ಯೆ ಬೇರೆ ಬೇರೆ ಇದ್ದರೆ 2ಡಿ ಅರೇ (ಸಾಲು, ಕಂಬಗಳ ಕೋಷ್ಟಕ) ಕೈಕೊಡುತ್ತದೆ, ಯಾಕೆಂದರೆ ಅದರ ಸಾಲುಗಳೆಲ್ಲ ಒಂದೇ ಉದ್ದ ಇರಬೇಕು. ಅರೇ ಒಳಗೆ ನೇರವಾಗಿ ಅರೇ ಇಡಲು ಲ್ಯಾಬ್‌ವ್ಯೂ ಬಿಡುವುದಿಲ್ಲ. ರೀಡಿಂಗ್‌ಗಳ ಅರೇಯನ್ನು ಮೋಟಾರ್ ಕ್ಲಸ್ಟರ್ ಒಳಗೇ ಇಡಿ, ಸಮಸ್ಯೆ ಮುಗೀತು.

ಇನ್ನು ಬಂಡಲ್ (ಕ್ಲಸ್ಟರ್ ಕಟ್ಟುವುದು), ಅನ್‌ಬಂಡಲ್ (ಅದನ್ನು ಬಿಚ್ಚುವುದು). ಹೆಸರಿಲ್ಲದ ಅನ್‌ಬಂಡಲ್ ನೋಡುವುದು ಕ್ಲಸ್ಟರ್ ಒಳಗಿನ ಕ್ರಮವನ್ನು. ಆ ಕ್ರಮ ಪರದೆ ಮೇಲೆ ಕಾಣುವ ಜಾಗದ್ದಲ್ಲ. ತಾಪವೂ ಸಂಖ್ಯೆ, ಕರೆಂಟೂ ಸಂಖ್ಯೆ. ಅದಲು ಬದಲಾದರೆ ವೈರ್ ಮುರಿದಂತೆ ಕಂಡು ತಪ್ಪು ತೋರಿಸುವುದಿಲ್ಲ, ಪ್ರೋಗ್ರಾಂ ಸುಮ್ನೆ ಓಡುತ್ತದೆ, 60 ಡಿಗ್ರಿ ಹೋಗಿ 60 ಆಂಪಿಯರ್ ಆಗುತ್ತದೆ. ಅದಕ್ಕೇ ಬಂಡಲ್ ಬೈ ನೇಮ್, ಅನ್‌ಬಂಡಲ್ ಬೈ ನೇಮ್ ಬಿಟ್ಟು ಬೇರೆ ಮುಟ್ಟಬೇಡಿ ಅಂತೀನಿ. ಒಳಗಿನ ಕ್ಲಸ್ಟರ್‌ನ ಹೆಸರುಗಳೂ ಚುಕ್ಕಿ ಹಾಕಿ ಅಲ್ಲೇ ಸಿಗುತ್ತವೆ.

ಕ್ಲಸ್ಟರನ್ನು ಮೊದಲ ದಿನವೇ ಟೈಪ್ ಡೆಫ್ (ಬೇರೆ ಫೈಲಿನಲ್ಲಿಟ್ಟ ಮೂಲ ನಮೂನೆ) ಮಾಡಿಡಿ. ನಾಳೆ ಗೈಡ್ ಬಂದು 'ವೈಬ್ರೇಶನ್ನೂ ಸೇರಿಸಿ' ಅಂದರೆ ಒಂದೇ ಫೈಲಿನಲ್ಲಿ ಸೇರಿಸಿದರೆ ಸಾಕು, ಅದನ್ನು ಬಳಸಿದ ಕಡೆಯೆಲ್ಲ ಬದಲಾಗುತ್ತದೆ. ಕ್ಲಸ್ಟರ್ ಒಳಗೆ ಕ್ಲಸ್ಟರ್ ಅಂತ ಮೂರು ನಾಲ್ಕು ಪದರ ಬೇಕೇ ಬೇಕು ಅನ್ನುವವರು ಡಯಾಗ್ರಾಮ್ ಕಳಿಸಿ, ಕೂತು ನೋಡೋಣ.